ಮೆಲುದನಿಗೆ ಮೈಕು ಹತ್ತಿರವಿರಲಿ

ಪಿಸುಮಾತಿನಷ್ಟು ಮೆಲ್ಲಗೆ ಹಾಡುವವರ ದನಿ ಸ್ಯಾಕ್ಸೊಫೋನಿನ ಪಕ್ಕದಲ್ಲಿ ಕೇಳಿಸೀತೇ? 1963ರ ಮಾರ್ಚ್ 18 ಮತ್ತು 19ರಂದು ನ್ಯೂಯಾರ್ಕಿನ ಧ್ವನಿಮುದ್ರಣ ಕೊಠಡಿಯೊಂದರಲ್ಲಿ ಇದಕ್ಕೆ ಉತ್ತರ ಸಿಕ್ಕಿತು.

ಅಲ್ಲಿ ಸೇರಿದ್ದವರಲ್ಲಿ ಮುಖ್ಯರು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಸ್ಟಾನ್ ಗೆಟ್ಜ್, ಬ್ರೆಜಿಲಿನ ಗಾಯಕ ಹಾಗೂ ಗಿಟಾರ್ ವಾದಕ ಜೊಆವ್ ಜಿಲ್ಬೆರ್ಟೊ ಮತ್ತು ಪಿಯಾನೊ ನುಡಿಸಿದ ಸಂಗೀತ ಸಂಯೋಜಕ ಜೋಬಿಂ. ಸಾಂಬಾ ಕುಣಿತದ ಲಯವನ್ನು ಗಿಟಾರಿನಲ್ಲಿ ಹಗುರವಾಗಿ ಹಿಡಿದು, ಪಕ್ಕದಲ್ಲಿ ಕುಳಿತವರೊಡನೆ ಮಾತನಾಡಿದಂತೆ ಹಾಡುವ ಶೈಲಿಯೇ ಬೋಸಾ ನೋವಾ. ಅದು 1950ರ ದಶಕದ ಕೊನೆಯಲ್ಲಿ ರಿಯೋ ನಗರದಲ್ಲಿ ಹುಟ್ಟಿತು.

ಇಂಥ ಹಾಡಿಗೆ ಮೈಕೇ ಆಧಾರ. ದನಿಯ ತೀವ್ರತೆ ದೂರದ ವರ್ಗಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಗೋಡೆಗಳ ಪ್ರತಿಫಲನವನ್ನು ಬಿಟ್ಟು ಲೆಕ್ಕ ಹಾಕಿದರೆ, ಒಂದು ಮೀಟರ್ ದೂರದ ಮೈಕನ್ನು 10 ಸೆಂಟಿಮೀಟರಿಗೆ ತಂದಾಗ ತೀವ್ರತೆ 100 ಪಟ್ಟಾಗುತ್ತದೆ! ಹಾಡುವವರು ಗಂಟಲು ಏರಿಸಬೇಕಿಲ್ಲ.

ಮನೆಯಲ್ಲೇ ಪರೀಕ್ಷಿಸಿ. ರೇಡಿಯೋ ಹಚ್ಚಿಟ್ಟು, ಮೊಬೈಲನ್ನು ಬಾಯಿಯ ಬಳಿ ಹಿಡಿದು ಮೆಲ್ಲಗೆ ಮಾತನಾಡಿ ಮುದ್ರಿಸಿಕೊಳ್ಳಿ. ನಂತರ ಮೊಬೈಲನ್ನು ರೇಡಿಯೋ ಪಕ್ಕದಲ್ಲಿಟ್ಟು ದೂರದಿಂದ ಅಷ್ಟೇ ಮೆಲ್ಲಗೆ ಮಾತನಾಡಿ. ಎರಡನ್ನೂ ಕೇಳಿ, ಹೋಲಿಸಿ.

ಅಂದು ಕೊಠಡಿಯಲ್ಲಿ ಜೊಆವ್ ಅವರ ಪತ್ನಿ ಅಸ್ಟ್ರುಡ್ ಕೂಡ ಇದ್ದರು. ಅವರು ವೃತ್ತಿಗಾಯಕಿಯಲ್ಲ. ಆದರೆ ಅವರಿಗೆ ಇಂಗ್ಲಿಷ್ ಬರುತ್ತಿತ್ತು. ‘ಇಪನೇಮಾದ ಹುಡುಗಿ’ ಎಂಬ ಗೀತೆಯನ್ನು ಜೊಆವ್ ಪೋರ್ಚುಗೀಸಿನಲ್ಲಿ ಹಾಡಿದ ಮೇಲೆ, ಇಂಗ್ಲಿಷ್ ಭಾಗವನ್ನು ಆಕೆ ಸರಳವಾಗಿ ಹಾಡಿದರು. ಐದು ನಿಮಿಷಕ್ಕೂ ಮೀರಿದ ಆ ಗೀತೆಯನ್ನು 1964ರಲ್ಲಿ ಬಿಡಿ ತಟ್ಟೆಯಾಗಿ ತರುವಾಗ ಜೊಆವ್ ಹಾಡಿದ ಭಾಗವನ್ನೇ ಕತ್ತರಿಸಲಾಯಿತು. ಜಗತ್ತು ಕೇಳಿ ಮೆಚ್ಚಿದ್ದು ಅಸ್ಟ್ರುಡ್ ದನಿಯನ್ನು. 1965ರಲ್ಲಿ ಈ ಗೀತೆಗೂ ಇಡೀ ಸಂಕಲನಕ್ಕೂ ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಸಂಕಲನದ ಹೆಸರು ಮಾತ್ರ ‘ಗೆಟ್ಜ್/ಜಿಲ್ಬೆರ್ಟೊ’. ಆ ಜಿಲ್ಬೆರ್ಟೊ ಎಂದರೆ ಜೊಆವ್, ಅಸ್ಟ್ರುಡ್ ಅಲ್ಲ.

ಪಾಲಕರೇ, ಮೆಲುದನಿಯ ಮಗು ಪ್ರತಿ ತರಗತಿಯಲ್ಲೂ ಒಂದಿರುತ್ತದೆ. ‘ಜೋರಾಗಿ ಹೇಳು’ ಎಂದು ಗದರುವ ಬದಲು ನಾವೇ ಹತ್ತಿರ ಹೋಗಿ ಕೇಳೋಣ. ಮಕ್ಕಳೇ, ವಿಜ್ಞಾನ ಪ್ರದರ್ಶನಕ್ಕೆ ನಾಲ್ವರು ಸೇರಿ ಮಾದರಿ ಮಾಡಿದರೆ ಫಲಕದಲ್ಲಿ ನಾಲ್ಕು ಹೆಸರೂ ಇರಲಿ. ತಂತಿ ಸುತ್ತಿ ಸುಮ್ಮನೆ ನಿಂತವಳದ್ದೂ ಇರಲಿ. ದನಿಯನ್ನು ಹತ್ತಿರ ತರಲು ಮೈಕು ಸಾಕು. ಹೆಸರನ್ನು ಬರೆಯಲು ಮನುಷ್ಯರೇ ಬೇಕು.