ಕಾರು ಗೇಟಿನೊಳಗೆ ನಿಲ್ಲಲಿ! ಫುಟ್‌ಪಾತ್ ನಮಗೆ ಬಿಡಲಿ!

ತುಮಕೂರು, ಗುಬ್ಬಿ, ಕುಣಿಗಲ್‌ನ ಬಂಧುಗಳೇ,

ಇವತ್ತು ಬೆಳಿಗ್ಗೆ ಹಾಲು ತರಲು ಹೇಗೆ ಹೋದಿರಿ? ಫುಟ್‌ಪಾತ್ ಮೇಲಾ? ಎಲ್ಲಿದೆ ಫುಟ್‌ಪಾತ್! ರೋಡಿಗಿಳಿದೇ ಹೋದಿರಿ. ಎದುರಿಗೆ ಬೈಕು, ಬೆನ್ನ ಹಿಂದೆ ಟಿಪ್ಪರ್ ಹಾರನ್. ನಾವೆಲ್ಲ ಜೀವ ಕೈಯಲ್ಲಿ ಹಿಡಿದು ಹೀಗೇ ಓಡಾಡುತ್ತಿದ್ದೇವೆ.

ಎಸ್.ಎಸ್. ಪುರಂ, ಸೋಮೇಶ್ವರಪುರಂ, ಬಟವಾಡಿ, ಎಲ್ಲಿ ಬೇಕಾದರೂ ನೋಡಿ. ಹಳೇ ಮನೆ ಬಿತ್ತು, ಅಪಾರ್ಟ್‌ಮೆಂಟ್ ಎದ್ದಿತು. ಬೀದಿಗೆ ಜಗಲಿ ಇತ್ತು, ಕಿಟಕಿ ಇತ್ತು, ಮಾತಾಡಿಸುವವರಿದ್ದರು. ಈಗ ನೆಲಮಹಡಿ ಪೂರ್ತಿ ಕಾರಿಗೆ! ನಮ್ಮ ಪಾಲಿಗೆ ಕಬ್ಬಿಣದ ಗೇಟು, ಕತ್ತಲೆ.

ಕಾರು ಹತ್ತಲು ಸಿಮೆಂಟ್ ರ‍್ಯಾಂಪ್ ಬೇರೆ. ಅದು ಚರಂಡಿ ಮುಚ್ಚಿ, ಫುಟ್‌ಪಾತ್ ನುಂಗಿ, ಡಾಂಬರಿನ ತನಕ ಬಂದಿದೆ. ಗೇಟಿಗೊಂದು ರ‍್ಯಾಂಪ್! ಇಷ್ಟೆಲ್ಲ ಮಾಡಿಯೂ ಕಾರು ಒಳಗಿದೆಯೇ? ಇಲ್ಲ! ಪಾರ್ಕಿಂಗ್ ಅಂತ ನಕ್ಷೆಯಲ್ಲಿ ತೋರಿಸಿದ ಜಾಗ ಎಷ್ಟೋ ಕಡೆ ಅಂಗಡಿಯಾಗಿದೆ, ಗೋಡೌನ್ ಆಗಿದೆ. ಬಾಡಿಗೆ ಮಾಲೀಕರ ಜೇಬಿಗೆ, ಕಾರು ನಮ್ಮ ದಾರಿಗೆ!

ಪೆಟ್ಟು ತಿನ್ನುವವರು ಯಾರು? ಮಂಡಿನೋವಿನ ನಿಮ್ಮಮ್ಮ. ಅವರು ಆ ರ‍್ಯಾಂಪ್ ಹತ್ತಲಾರರು, ರೋಡಿಗೂ ಇಳಿಯಲಾರರು. ಮನೆಯಲ್ಲೇ ಕೂತುಬಿಟ್ಟರು! ಬ್ಯಾಗ್ ಹೊತ್ತ ನಮ್ಮ ಮಕ್ಕಳು. ಗಾಲಿಕುರ್ಚಿಯ ಅಣ್ಣ. ತುಂಬಿದ ಬಸುರಿ. ಗಾರ್ಮೆಂಟ್ಸ್ ಕೆಲಸ ಮುಗಿಸಿ ರಾತ್ರಿ ಆ ಕತ್ತಲ ಗೇಟುಗಳ ಮುಂದೆ ಒಬ್ಬಳೇ ನಡೆದು ಬರುವ ನಿಮ್ಮ ತಂಗಿ.

ಸೊಪ್ಪಿನಜ್ಜಿಯ ಗತಿ ಕೇಳಲೇಬೇಡಿ. ಫುಟ್‌ಪಾತ್ ತೆರವು ಅಂದರೆ ಮೊದಲು ಎತ್ತುವುದು ಅವಳ ಬುಟ್ಟಿ! ರ‍್ಯಾಂಪ್ ಮುಟ್ಟುವ ಧೈರ್ಯ ಯಾರಿಗೂ ಇಲ್ಲ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರಲ್ಲೇ ಕಾಯ್ದೆ ಬಂದಿದೆ. ಅವಳ ಹೊಟ್ಟೆ ಮೇಲೆ ಹೊಡೆದು ನಮಗೆ ದಾರಿ ಬೇಡ!

ಅಪಾರ್ಟ್‌ಮೆಂಟಿನವರೇ, ನಿಮ್ಮ ಮೇಲೆ ನಮಗೆ ಹಗೆಯಿಲ್ಲ. ಗೇಟು ದಾಟಿದರೆ ನೀವೂ ನಡೆಯುವವರೇ. ರಿವರ್ಸ್ ಬರುವ ಕಾರಿನ ಹಿಂದೆ ನಿಮ್ಮ ಮಗುವೂ ಇರುತ್ತದೆ!

ಗುಬ್ಬಿಯವರೇ, ಕುಣಿಗಲ್‌ನವರೇ, ಇದು ದೊಡ್ಡೂರಿನ ತಾಪತ್ರಯ ಅಂತ ಸುಮ್ಮನಿರಬೇಡಿ. ನಮ್ಮನ್ನು ಹೆದರಿಸುವ ಬಿ.ಎಚ್. ರಸ್ತೆಯೇ ಗುಬ್ಬಿಯಲ್ಲೂ ಹಾದುಹೋಗುತ್ತದೆ. ನಿಮ್ಮ ಬೀದಿಗಳಲ್ಲಿ ಇನ್ನೂ ಜಗಲಿಗಳಿವೆ. ಇರುವಾಗಲೇ ಉಳಿಸಿಕೊಳ್ಳಿ!

2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ನಡೆಯಲು ದಾರಿಯಿಲ್ಲದ ಊರು ಎಂಥ ಸ್ಮಾರ್ಟು? ಸುರಕ್ಷಿತ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಅಂತ 2025ರ ಮೇನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಅಡ್ಡಿಯಿಲ್ಲದ 1.8 ಮೀಟರ್, ಅಂದರೆ ಸುಮಾರು ಆರಡಿ ದಾರಿ ಬೇಕು. ಕಾರಿನ ಸಂದಿಯಲ್ಲಿ ನಮಗೆ ಒಂದಡಿಯೂ ಸಿಗುತ್ತಿಲ್ಲ!

ಗೊಣಗಿದ್ದು ಸಾಕು. ಈ ವಾರವೇ ಕೆಲಸ ಶುರುಮಾಡೋಣ.

• ನಿಮ್ಮ ಬೀದಿಯ ರ‍್ಯಾಂಪ್, ಫುಟ್‌ಪಾತ್ ಮೇಲೆ ನಿಂತ ವಾಹನಗಳ ಫೋಟೋ ತೆಗೆಯಿರಿ.

• ಅಕ್ಕಪಕ್ಕದವರ ಸಹಿ ಹಾಕಿಸಿ ದೂರು ಬರೆಯಿರಿ. ತುಮಕೂರಿನಲ್ಲಿ ಪಾಲಿಕೆ ಆಯುಕ್ತರಿಗೆ, ಗುಬ್ಬಿ, ಕುಣಿಗಲ್‌ನಲ್ಲಿ ಮುಖ್ಯಾಧಿಕಾರಿಗೆ ಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ!

• ಪಾರ್ಕಿಂಗ್ ಜಾಗ ಅಂಗಡಿಯಾಗಿದೆಯೇ? ಮಂಜೂರಾದ ನಕ್ಷೆಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಲೇಬೇಕು.

• ಹೊಸ ಕಟ್ಟಡ ಏಳುತ್ತಿದೆಯೇ? ರ‍್ಯಾಂಪ್ ಗೇಟಿನೊಳಗೇ ಇರಲಿ, ಬೀದಿ ಕಡೆ ಒಂದು ಅಂಗಡಿ, ಒಂದು ದೀಪ ಇರಲಿ ಅಂತ ಈಗಲೇ ಹೇಳಿ. ಕಾಂಕ್ರೀಟ್ ಬಿದ್ದ ಮೇಲೆ ಕೂಗಿ ಫಲವಿಲ್ಲ!

ಒಬ್ಬರು ಹೋದರೆ ನಾಳೆ ಬಾ ಅಂತಾರೆ. ಬೀದಿಗೆ ಬೀದಿಯೇ ಹೋದರೆ ಕುರ್ಚಿ ಬಿಟ್ಟು ಏಳುತ್ತಾರೆ! ಬನ್ನಿ, ಜೊತೆಗೆ ಹೋಗೋಣ. ದಾರಿ ನಮ್ಮದು, ಕೇಳಿ ಪಡೆಯೋಣ!

ಓದಿದ ಮೇಲೆ ಎಸೆಯಬೇಡಿ, ಪಕ್ಕದ ಮನೆಗೆ ಕೊಡಿ.

— ನಡೆದೇ ಓಡಾಡುವ ನಿಮ್ಮೂರಿನವರು