ಹೆಸರು ಕೊಂಡರು, ಕಸುಬಿಗೆ ಬೀಗ ಹಾಕಿದರು

ವಾಣಿಜ್ಯ ಪುಟದಲ್ಲಿ ‘ಸ್ವಾಧೀನ’ ಎಂಬ ಪದ ಬಂದರೆ ಅದರ ಹಿಂದೆಯೇ ‘ಮೈಲಿಗಲ್ಲು’, ‘ಹೊಸ ಅಧ್ಯಾಯ’ ಬರುತ್ತವೆ. ಕಂಪನಿ ಕಳಿಸಿದ ಪ್ರಕಟಣೆಯನ್ನೇ ನಾವು ಕನ್ನಡಕ್ಕೆ ತಿರುಗಿಸಿ ಹಾಕುತ್ತೇವೆ. ಕೊಂಡವರು ಯಾರು, ಎಷ್ಟಕ್ಕೆ ಕೊಂಡರು, ಇಷ್ಟಿದ್ದರೆ ಸುದ್ದಿ ಮುಗಿಯಿತು. ಕೆಲಸ ಮಾಡುತ್ತಿದ್ದವರು ಏನಾದರು, ಈಗಾಗಲೇ ಮಾರಿದ ಮಾಲಿಗೆ ಬಿಡಿಭಾಗ ಕೊಡುವವರು ಯಾರು ಎಂದು ಕೇಳುವ ಅಭ್ಯಾಸವೇ ನಮಗಿಲ್ಲ. ಯಾಕೆ ಕೇಳಬೇಕು ಎನ್ನುವುದಕ್ಕೆ ಆಸ್ಟ್ರಿಯಾದ ಎಕೆಜಿ ಕಂಪನಿಯ ಕತೆಯೊಂದೇ ಸಾಕು.

ಎಕೆಜಿ ಹುಟ್ಟಿದ್ದು 1947ರಲ್ಲಿ, ಯುದ್ಧದಿಂದ ಜರ್ಜರಿತವಾಗಿದ್ದ ವಿಯೆನ್ನಾದಲ್ಲಿ. ರುಡಾಲ್ಫ್ ಗೋರಿಕೆ ಮತ್ತು ಅರ್ನ್ಸ್ಟ್ ಪ್ಲೆಸ್ ಸೇರಿ ಕಟ್ಟಿದ ಕಂಪನಿ ಅದು. ಸಿನಿಮಾ ಮಂದಿರಗಳಿಗೆ ಉಪಕರಣ ಮಾಡಿಕೊಡುವುದರಿಂದ ಶುರುವಾಗಿ, 1953ರ ಹೊತ್ತಿಗೆ ಸಿ12 ಎಂಬ ಮೈಕ್ ತಂದಿತು. ಇವತ್ತಿಗೂ ಸ್ಟುಡಿಯೋದವರು ಆ ಹೆಸರನ್ನು ಗೌರವದಿಂದ ಹೇಳುತ್ತಾರೆ. ಮುಂದೆ ವೇದಿಕೆ, ಸಭಾಂಗಣಗಳಿಗೆ ವೈರ್‌ಲೆಸ್ ಮೈಕ್ ಸೆಟ್‌ಗಳನ್ನೂ ಮಾಡಿತು. 1990ರ ದಶಕದ ಆರಂಭದಲ್ಲಿ ಅಮೆರಿಕದ ಹರ್ಮನ್ ಅದನ್ನು ಕೊಂಡಿತು.

2016ರ ನವೆಂಬರಿನಲ್ಲಿ ದಕ್ಷಿಣ ಕೊರಿಯಾದ ಸ್ಯಾಮ್‌ಸಂಗ್, ಹರ್ಮನ್ ಕಂಪನಿಯನ್ನೇ ಸುಮಾರು 800 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು. ಸ್ಯಾಮ್‌ಸಂಗ್ ಕಣ್ಣು ಮೈಕ್ ಮೇಲೆ ಇರಲಿಲ್ಲ. ಹರ್ಮನ್ ವಹಿವಾಟಿನ ಸುಮಾರು ಶೇ 65ರಷ್ಟು ಕಾರಿಗೆ ಸಂಬಂಧಿಸಿದ್ದು, ಬೇಕಾಗಿದ್ದದ್ದು ಅದು. 2017ರ ಮಾರ್ಚಿನಲ್ಲಿ ವ್ಯವಹಾರ ಮುಗಿಯಿತು. ಅದೇ ವರ್ಷ ವಿಯೆನ್ನಾ ಘಟಕದ ಬಾಗಿಲೂ ಮುಚ್ಚಿತು. ಅದೇ ವರ್ಷವೇ ಮಾರುಕಟ್ಟೆಗೆ ಬಂದ ಗ್ಯಾಲಕ್ಸಿ ಎಸ್8 ಫೋನಿನ ಡಬ್ಬದಲ್ಲಿ ಇಯರ್‌ಫೋನ್ ಇತ್ತು. ಅದರ ಜಾಹೀರಾತಿನಲ್ಲಿ ಎದ್ದು ಕಂಡ ಹೆಸರು ಯಾವುದು? ಎಕೆಜಿ!

ಎಲ್ಲ ಪಾಪವನ್ನೂ ಸ್ಯಾಮ್‌ಸಂಗ್ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದಕ್ಕೂ ಮೊದಲು ಎರಡು ದಶಕ ಎಕೆಜಿ ಹರ್ಮನ್ ಕೈಯಲ್ಲೇ ಇತ್ತು. ಆದರೆ ಮಾರಾಟ ಆಗುತ್ತಾ ಹೋದಂತೆ ಆಗುವುದೇ ಇದು. ಸಣ್ಣ ಕಂಪನಿಯನ್ನು ದೊಡ್ಡದು ನುಂಗುತ್ತದೆ, ಅದನ್ನು ಇನ್ನೂ ದೊಡ್ಡದು ನುಂಗುತ್ತದೆ. ಕೊನೆಗೆ ಮೈಕ್ ಮಾಡುವವನ ಅನ್ನದ ಪ್ರಶ್ನೆಯನ್ನು ಕಾರಿನ ಲೆಕ್ಕ ನೋಡುವವರು ತೀರ್ಮಾನಿಸುತ್ತಾರೆ.

‘ಬ್ರ್ಯಾಂಡ್ ಉಳಿಯಿತಲ್ಲ, ಗ್ರಾಹಕನಿಗೇನು ನಷ್ಟ?’ ಎಂದು ಕೇಳುವವರಿದ್ದಾರೆ. ವೈರ್ ಇರುವ ಮೈಕ್ ಆದರೆ ಈ ಮಾತಿಗೆ ಒಂದಿಷ್ಟು ಅರ್ಥವಿದೆ. ಕೇಬಲ್ ಸಿಕ್ಕಿಸಿದರೆ ಯಾವ ಕಂಪನಿಯ ಮಿಕ್ಸರಿಗೂ ಅದು ಹೊಂದುತ್ತದೆ, ಐವತ್ತು ವರ್ಷ ಬಾಳುತ್ತದೆ. ವೈರ್‌ಲೆಸ್ ಹಾಗಲ್ಲ. ಕೈಯಲ್ಲಿರುವ ಟ್ರಾನ್ಸ್‌ಮಿಟರ್ರೂ ಅಲ್ಲಿರುವ ರಿಸೀವರ್ರೂ ಒಂದೇ ಕಂಪನಿಯ ಜೋಡಿಯಾಗಿರಬೇಕು. ಡಿಜಿಟಲ್ ಸೆಟ್ ಆದರಂತೂ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಜೋಡಿಯಲ್ಲಿ ಒಂದು ಕೆಟ್ಟು, ಅದರ ಬದಲಿ ಸಿಗದಿದ್ದರೆ ಇನ್ನೊಂದು ಬರೀ ಡಬ್ಬ.

ಇದರ ಮೇಲೆ ತರಂಗಾಂತರದ ಕಾಟ. ಅಮೆರಿಕದಲ್ಲಿ 600 ಮೆಗಾಹರ್ಟ್ಸ್ ಸುತ್ತಲಿನ ಪಟ್ಟಿಯನ್ನು ಮೊಬೈಲ್ ಕಂಪನಿಗಳಿಗೆ ಹರಾಜು ಹಾಕಿದ ಮೇಲೆ, 2020ರ ಜುಲೈ ಹೊತ್ತಿಗೆ ಆ ಪಟ್ಟಿಯ ಬಹುಪಾಲನ್ನು ವೈರ್‌ಲೆಸ್ ಮೈಕ್‌ಗಳು ಖಾಲಿ ಮಾಡಬೇಕಾಯಿತು. ಚರ್ಚು, ಶಾಲೆ, ನಾಟಕ ತಂಡ, ಎಲ್ಲರೂ ಚೆನ್ನಾಗಿದ್ದ ಸೆಟ್ಟನ್ನೇ ಬದಲಾಯಿಸಬೇಕಾಯಿತು. ಮೈಕನ್ನೇ ಕಸುಬು ಮಾಡಿಕೊಂಡಿದ್ದ ಕೆಲವು ಕಂಪನಿಗಳು ಹಳೆಯದನ್ನು ಪಡೆದು ಹೊಸದಕ್ಕೆ ರಿಯಾಯಿತಿ ಕೊಟ್ಟವು. ಇಂಥ ಹೊತ್ತಿನಲ್ಲಿ ಬಾಗಿಲು ತೆರೆದಿರುವ ಕಂಪನಿ ಬೇಕು. ಬರೀ ಬೋರ್ಡು ಇದ್ದರೆ ಸಾಲದು.

ಕೊಳ್ಳುವುದೆಲ್ಲ ಕೆಟ್ಟದ್ದು ಎಂಬುದು ನನ್ನ ವಾದವಲ್ಲ. ಇಂಗ್ಲೆಂಡಿನ ಆಡಿಯೋ ಲಿಮಿಟೆಡ್ ಎಂಬ ವೈರ್‌ಲೆಸ್ ಮೈಕ್ ಕಂಪನಿಯನ್ನು 2017ರಲ್ಲೇ ಅಮೆರಿಕದ ಸೌಂಡ್ ಡಿವೈಸಸ್ ಕೊಂಡಿತು. ಸಿನಿಮಾ ಧ್ವನಿಗ್ರಹಣದ ರೆಕಾರ್ಡರ್ ಮಾಡುವ ಕಂಪನಿ ಅದು. ಅದೇ ಕೇರಿಯವರು ಕೊಂಡಿದ್ದರಿಂದ ವೈರ್‌ಲೆಸ್ ಕೆಲಸ ಮುಂದುವರಿಯಿತು. ಜರ್ಮನಿಯ ಸೆನ್‌ಹೈಸರ್ 2021ರಲ್ಲಿ ಹೆಡ್‌ಫೋನಿನಂಥ ಗ್ರಾಹಕ ವಿಭಾಗವನ್ನು ಸ್ವಿಟ್ಜರ್‌ಲೆಂಡಿನ ಸೊನೋವಾಗೆ ಮಾರಲು ಒಪ್ಪಿ, ಮೈಕ್ ಕಸುಬನ್ನು ಕುಟುಂಬದ ಕೈಯಲ್ಲೇ ಇಟ್ಟುಕೊಂಡಿತು. ಮಾರುವಾಗಲೂ ಏನನ್ನು ಮಾರಬಾರದು ಎಂಬ ಲೆಕ್ಕ ಇಟ್ಟುಕೊಳ್ಳಬಹುದು ಎಂದಾಯಿತಲ್ಲ?

ವಿಯೆನ್ನಾದಲ್ಲಿ ಕೆಲಸ ಕಳೆದುಕೊಂಡವರ ಪೈಕಿ ಕೆಲವರು ಅದೇ 2017ರಲ್ಲಿ ಆಸ್ಟ್ರಿಯನ್ ಆಡಿಯೋ ಎಂಬ ಕಂಪನಿ ಕಟ್ಟಿ, ಮತ್ತೆ ಮೈಕ್ ಮಾಡತೊಡಗಿದರು. ಹೆಸರು ಒಂದು ಕಡೆ, ಕೈಚಳಕ ಇನ್ನೊಂದು ಕಡೆ! ಎಕೆಜಿ ಎಂಬ ಅಕ್ಷರ ನೋಡಿ ಹಣ ಕೊಟ್ಟವನು ಆ ಕೈಗಳಿಗೆಂದೇ ಹಣ ಕೊಟ್ಟಿದ್ದ. ಇದನ್ನು ಮೋಸ ಎಂದು ಯಾವ ಕಾನೂನೂ ಹೇಳುವುದಿಲ್ಲ. ನಾನು ಹೇಳುತ್ತೇನೆ.

ನಮಗೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಹರ್ಮನ್ನಿನ ಎಂಜಿನಿಯರಿಂಗ್ ಕೇಂದ್ರ ಬೆಂಗಳೂರಿನಲ್ಲೇ ಇದೆ, ಎಕೆಜಿ ಸೆಟ್ ಇಲ್ಲಿನ ಅಂಗಡಿಗಳಲ್ಲೂ ಸಿಗುತ್ತದೆ. ಸಾಲ ಮಾಡಿ ಸೆಟ್ ತಂದು ಮದುವೆ, ಜಾತ್ರೆ, ನಾಟಕಗಳಿಗೆ ಬಾಡಿಗೆ ಕೊಡುವ ನಮ್ಮ ಊರಿನ ಮೈಕ್‌ಸೆಟ್ಟಿನವರಿಗೆ ಸ್ವಾಧೀನದ ಸುದ್ದಿ ತಲುಪುವುದು ಬಿಡಿಭಾಗ ಸಿಗದ ದಿನವೇ. ಕೇಂದ್ರ ಸರ್ಕಾರ 2022ರಲ್ಲಿ ‘ರಿಪೇರಿ ಹಕ್ಕಿನ’ ಪೋರ್ಟಲ್ ತೆರೆದಾಗ ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹಬಳಕೆ ವಸ್ತು, ವಾಹನ ಎಂಬ ನಾಲ್ಕು ವಲಯ ಗುರುತಿಸಿತು. ಬಾಡಿಗೆ ಮೈಕಿನಿಂದ ಹೊಟ್ಟೆ ಹೊರೆಯುವವರನ್ನು ಪ್ರತ್ಯೇಕವಾಗಿ ನೆನೆದವರಿಲ್ಲ.

ಹಾಗಾಗಿ ಸ್ವಾಧೀನಕ್ಕೆ ಒಪ್ಪಿಗೆ ಕೊಡುವವರು ಮೂರು ಷರತ್ತು ಹಾಕಲಿ. ಮಾರಿದ ಸೆಟ್‌ಗಳಿಗೆ ಎಷ್ಟು ವರ್ಷ ಬಿಡಿಭಾಗ, ಸರ್ವಿಸ್ ಎಂದು ಕೊಂಡವರು ಬರೆದು ಕೊಡಬೇಕು. ಉತ್ಪಾದನೆ ನಿಲ್ಲಿಸಿದರೆ ಸರ್ಕ್ಯೂಟ್ ನಕ್ಷೆ ಮತ್ತು ಸಾಫ್ಟ್‌ವೇರನ್ನು ರಿಪೇರಿಯವರಿಗೆ ಬಿಟ್ಟುಕೊಡಬೇಕು. ಘಟಕ ಮುಚ್ಚುವುದಾದರೆ ಅದನ್ನು ಕೊಳ್ಳುವ ಮೊದಲ ಅವಕಾಶ ಅಲ್ಲಿ ದುಡಿದವರಿಗೆ ಇರಬೇಕು.

ನಾವು ಸುದ್ದಿ ಬರೆಯುವವರು ಕನಿಷ್ಠ ಒಂದು ಕೆಲಸ ಮಾಡಬಹುದು. ಮುಂದಿನ ಸಲ ‘ಮೈಲಿಗಲ್ಲು’ ಎಂದು ಟೈಪ್ ಮಾಡುವ ಮೊದಲು ಕಂಪನಿಗೆ ಒಂದು ಫೋನ್ ಮಾಡಿ, ಈ ಮೂರನ್ನೂ ಕೇಳಿ. ಉತ್ತರ ಕೊಡದಿದ್ದರೆ, ಕೊಡಲಿಲ್ಲ ಎಂಬುದನ್ನೇ ಮೊದಲ ಸಾಲಾಗಿ ಬರೆಯಿರಿ.