ಹತ್ತಿರದ ಸೀಟು ಹಿಡಿ, ದೂರದ್ದು ಬಿಡಬೇಡ

ಮೊಳಕಾಲ್ಮೂರು ಕಡೆಯ ತಂಗಿಯೊಬ್ಬಳು ಫೋನ್ ಮಾಡಿದ್ದಳು. "ಅಣ್ಣಾ, ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿಗೆ ಕಾಯ್ಲಾ, ಚಳ್ಳಕೆರೇಲೇ ಬಿಎ ಸೇರ್ಲಾ?" ಮನೇಲಿ ಒಂದೇ ಮಾತಂತೆ: ಬಸ್ಸಲ್ಲಿ ಹೋಗಿ ಬಂದ್ರೆ ಸಾಕು.

ದೂರದ ಕಾಲೇಜು ಅಂದ್ರೆ ದೂರ ಅಷ್ಟೇ ಅಲ್ಲ, ತಡ ಕೂಡ. 2024ರಲ್ಲಿ ಜೂನ್ 30ಕ್ಕೆ ಬರಬೇಕಿದ್ದ ಸಿಯುಇಟಿ ಫಲಿತಾಂಶ ಬಂದದ್ದು ಜುಲೈ 28ಕ್ಕೆ. ದುಡ್ಡಿದ್ದೋರು ಎರಡೂ ಕಡೆ ಫೀಸು ಕಟ್ಟಿ ಕಾಯ್ತಾರೆ. ಕೂಲಿ ಮಾಡೋ ಅಪ್ಪ ಅವ್ವ ಕಟ್ಟೋದು ಒಂದೇ ಸಲ. ಇದನ್ನ 'ಮಕ್ಕಳ ಆಯ್ಕೆ' ಅಂತ ಕರೆಯೋದನ್ನ ನಾನು ಒಪ್ಪಲ್ಲ.

ಚಳ್ಳಕೆರೆ ಸೀಟು ಹಿಡಿ, ಹೈದರಾಬಾದ್ ಬಿಡಬೇಡ ಅಂದೆ. ಮೂಲ ಅಂಕಪಟ್ಟಿ ಇಟ್ಕೋತೀವಿ ಅಂದ್ರೆ, ಹಾಗೆ ಇಟ್ಕೊಳ್ಳಬಾರದು ಅನ್ನೋ ಯುಜಿಸಿಯ 2018ರ ಅಧಿಸೂಚನೆ ತೋರಿಸು. 2024ರಲ್ಲಿ ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟೋರಿಗೆ ಪೂರ್ತಿ ಫೀಸು ವಾಪಸ್ ಕೊಡಿ ಅಂತಲೂ ಯುಜಿಸಿ ಹೇಳಿತ್ತು. ಈ ವರ್ಷದ್ದು ಏನಿದೆ ಕೇಳು.

ಆದ್ರೆ ಆ ದುಡ್ಡು ವಾಪಸ್ ಬರೋವರೆಗೆ ಎರಡನೇ ಫೀಸು ಯಾರು ಕೊಡ್ತಾರೆ? ಅದೇ ವರ್ಷ ಉತ್ತರ ಪ್ರದೇಶದ ದಲಿತ ಹುಡುಗನೊಬ್ಬ 17,500 ರೂಪಾಯಿ ಹೊತ್ತಿಗೆ ಸರಿಯಾಗಿ ಕಟ್ಟಲಾಗದೆ ಧನಬಾದ್ ಐಐಟಿ ಸೀಟು ಕಳೆದುಕೊಂಡಿದ್ದ. ಕೊಡಿಸೋಕೆ ಸುಪ್ರೀಂ ಕೋರ್ಟೇ ಬರಬೇಕಾಯ್ತು. ನಮ್ಮ ಮಕ್ಕಳೆಲ್ಲ ದಿಲ್ಲಿಗೆ ಹೋಗೋಕಾಗುತ್ತಾ?

ಏಪ್ರಿಲ್ 14ರ ಫ್ಲೆಕ್ಸು, ಡಿಜೆ ಖರ್ಚಲ್ಲಿ ಅರ್ಧ ಎತ್ತಿಡೋಣ (ಬೈಯೋರು ಬೈಯಿರಿ). ಜುಲೈನಲ್ಲಿ ಅದೇ ದುಡ್ಡು ಇಂಥ ಮಕ್ಕಳಿಗೆ ಕೈಸಾಲ. ಎರಡೂ ತಾಲ್ಲೂಕಿನ ಗೆಳೆಯರು, ಒಪ್ಪೋದಾದ್ರೆ ಕೆಳಗೆ ನಿಮ್ಮ ಊರ ಹೆಸರು ಬರೀರಿ.

ಜೈ ಭೀಮ್.